ಪರ-ವಿರೋಧ: ಎಲೆಕ್ಟ್ರಾನಿಕ್ಸ್ ಇಲ್ಲದ ಹಳೆಯ ಬೈಕೇ ಮೇಲೇ?

ಪರ: ಕೈಗೂ ಎಂಜಿನ್ನಿಗೂ ನಡುವೆ ಒಂದೇ ತಂತಿ

ಬಲಗೈಯ ಹಿಡಿಯನ್ನು ತುಸುವೇ ತಿರುಗಿಸಿ. ಹಿಡಿಗೆ ಸುತ್ತಿಕೊಂಡಿರುವ ಉಕ್ಕಿನ ತಂತಿ ತನ್ನ ಕವಚದೊಳಗೆ ಜಾರುತ್ತದೆ. ತಂತಿಯ ಇನ್ನೊಂದು ತುದಿ ಕಾರ್ಬೊರೇಟರಿನ ಸ್ಲೈಡನ್ನು ಮೇಲಕ್ಕೆಳೆಯುತ್ತದೆ. ಸ್ಲೈಡಿಗೆ ಸಿಕ್ಕಿಸಿದ ಸೂಜಿಯೂ ಜತೆಗೇ ಏಳುತ್ತದೆ, ಪೆಟ್ರೋಲು ಬರುವ ತೂತಾದ ಜೆಟ್ಟಿನ ಬಾಯಿ ಅಷ್ಟು ತೆರೆದುಕೊಳ್ಳುತ್ತದೆ. ಒಳನುಗ್ಗುವ ಗಾಳಿಯ ಸೆಳೆತಕ್ಕೆ ಪೆಟ್ರೋಲು ತುಂತುರಾಗಿ ಎದ್ದು ಸಿಲಿಂಡರಿಗೆ ಹೋಗುತ್ತದೆ. ಎಂಜಿನ್ನಿನ ದನಿ ಏರುತ್ತದೆ. ಕೈಯಿಂದ ಬೆಂಕಿಯವರೆಗಿನ ಇಡೀ ದಾರಿ ಇಷ್ಟೇ. ನಾಲ್ಕು ಸ್ಕ್ರೂ ಬಿಚ್ಚಿದರೆ ಇದನ್ನೆಲ್ಲ ಹತ್ತು ವರ್ಷದ ಹುಡುಗಿಗೂ ತೋರಿಸಬಹುದು.

ಹಳೆಯ ಬೈಕಿನ ಪರವಾಗಿ ನನ್ನ ವಾದವೆಲ್ಲ ಆ ತಂತಿಯಲ್ಲೇ ಇದೆ. ಕ್ರೋಮಿನ ಹೊಳಪು, ಗುಡುಗುಡು ಸದ್ದು, ದುಂಡನೆಯ ಹೆಡ್‌ಲೈಟು, ಇವೆಲ್ಲ ನನಗೂ ಇಷ್ಟವೇ. ಆದರೆ ಹೊಳಪಿನ ಆಸೆಗೆ ಯಾರೂ ಮಳೆಯಲ್ಲಿ ಕೂತು ಪ್ಲಗ್ ಬಿಚ್ಚುವುದಿಲ್ಲ. ನಾವು ಬಿಚ್ಚುವುದು ಬೇರೆ ಕಾರಣಕ್ಕೆ. ಈ ಯಂತ್ರದಲ್ಲಿ ಏನೇ ಆದರೂ ಅದಕ್ಕೊಂದು ಕಾರಣವಿದೆ, ಆ ಕಾರಣ ಕೈಗೆ ಸಿಗುತ್ತದೆ.

ಇವತ್ತಿನ ಬಹುಪಾಲು ದೊಡ್ಡ ಬೈಕುಗಳಲ್ಲಿ ಆ ತಂತಿಯೇ ಇಲ್ಲ. ಹಿಡಿಯ ಬುಡದಲ್ಲಿ ಒಂದು ಸೆನ್ಸರ್ ಕೂತಿರುತ್ತದೆ. ಕೈ ಎಷ್ಟು ತಿರುಗಿತು ಅನ್ನುವುದನ್ನು ಅದು ವಿದ್ಯುತ್ ಸಂಕೇತವಾಗಿ ಕಂಪ್ಯೂಟರಿಗೆ ಮುಟ್ಟಿಸುತ್ತದೆ. ಕಂಪ್ಯೂಟರು ಎಂಜಿನ್ನಿನ ವೇಗ, ಗೇರು, ಗಾಳಿಯ ಬಿಸಿ, ಚಕ್ರ ಜಾರುತ್ತಿದೆಯೇ ಇಲ್ಲವೇ, ನೀವು ಆರಿಸಿರುವ ಮೋಡ್ ಯಾವುದು, ಎಲ್ಲವನ್ನೂ ತೂಗಿ ನೋಡುತ್ತದೆ. ಆಮೇಲೆ ಗಾಳಿಯ ಕವಾಟ ಎಷ್ಟು ತೆರೆಯಬೇಕೆಂದು ತಾನೇ ತೀರ್ಮಾನಿಸಿ ಒಂದು ಪುಟ್ಟ ಮೋಟರಿಗೆ ಹೇಳುತ್ತದೆ. ಇದೆಲ್ಲ ರೆಪ್ಪೆ ಬಡಿಯುವುದರೊಳಗೆ ಮುಗಿಯುತ್ತದೆ, ಒಪ್ಪುತ್ತೇನೆ. ಆದರೂ ನನ್ನ ಕೈ ಅಲ್ಲಿ ಅಪ್ಪಣೆ ಕೊಡುತ್ತಿಲ್ಲ, ಅರ್ಜಿ ಹಾಕುತ್ತಿದೆ. ಆ ಅರ್ಜಿ ಮಂಜೂರಾಗುವುದೂ ತಿರಸ್ಕಾರವಾಗುವುದೂ ನಾನು ತೆರೆಯಲಾಗದ ಪೆಟ್ಟಿಗೆಯೊಳಗೆ.

ಕಿಕ್ ಹೊಡೆಯುವುದನ್ನೇ ತೆಗೆದುಕೊಳ್ಳಿ. ಅದು ಕಾಲಿನ ಬಲದ ಕೆಲಸ ಅಂದುಕೊಂಡವರು ಮೊಣಕಾಲು ನೋಯಿಸಿಕೊಳ್ಳುತ್ತಾರೆ. ಪಾಯಿಂಟ್ ಇಗ್ನಿಷನ್, ಅಂದರೆ ತೆರೆದು ಮುಚ್ಚುವ ಪುಟ್ಟ ಲೋಹದ ಸ್ವಿಚ್ಚಿನಿಂದ ಕಿಡಿ ಹಾರಿಸುವ ವ್ಯವಸ್ಥೆ, ಇರುವ ಹಳೆಯ ರಾಯಲ್ ಎನ್‌ಫೀಲ್ಡ್ ಬುಲೆಟ್ಟಿಗೆ ಬೇಕಿರುವುದು ಕಣ್ಣು ಮತ್ತು ತಾಳ್ಮೆ. ಕೀಲಿ ತಿರುಗಿಸಿ ಕಿಕ್ಕರನ್ನು ಮೆಲ್ಲಗೆ ಒತ್ತುತ್ತಾ ಹೋದರೆ ಒಂದು ಕಡೆ ಗಟ್ಟಿಯಾಗಿ ನಿಂತುಬಿಡುತ್ತದೆ. ಪಿಸ್ಟನ್ನು ಗಾಳಿಯನ್ನು ಅದುಮಿಕೊಂಡು ಮೇಲಿನ ತುದಿಗೆ ಬಂದಿದೆ ಅಂತ ಅರ್ಥ. ಹೆಡ್‌ಲೈಟಿನ ಮೇಲಿನ ಆಂಪಿಯರ್ ಮೀಟರನ್ನು ಆಗ ನೋಡಬೇಕು. ಪಾಯಿಂಟ್ ಮುಚ್ಚಿದ್ದರೆ ಕಾಯಿಲಿಗೆ ಕರೆಂಟ್ ಹರಿಯುತ್ತಿರುತ್ತದೆ, ಮುಳ್ಳು ಎಡಕ್ಕೆ ವಾಲಿರುತ್ತದೆ. ಪಾಯಿಂಟ್ ತೆರೆದೊಡನೆ ಮುಳ್ಳು ನಡುವಿಗೆ ಬರುತ್ತದೆ. ಸಿಲಿಂಡರಿನೊಳಗಿನ ಒತ್ತಡವನ್ನು ಬಿಡಿಸುವ ಡಿಕಂಪ್ರೆಷನ್ ಲಿವರ್ ಹಿಡಿದು ಕಿಕ್ಕರನ್ನು ಚೂರೇ ಚೂರು ಮುಂದಕ್ಕೆ ದಾಟಿಸಿ, ಲಿವರ್ ಬಿಟ್ಟು, ಕಿಕ್ಕರನ್ನು ಪೂರ್ತಿ ಮೇಲಕ್ಕೆ ಬರಗೊಟ್ಟು, ಮೈಭಾರ ಹಾಕಿ ಒಂದೇ ಸಲ ಕೊನೆಯವರೆಗೂ ಇಳಿಸಬೇಕು. ಹೀಗೆ ಮಾಡಿದರೆ ಸಣಕಲು ಮೈಯವರೂ ಒಂದೇ ಕಿಕ್ಕಿಗೆ ಸ್ಟಾರ್ಟ್ ಮಾಡುತ್ತಾರೆ. ಬ್ಯಾಟರಿಯ ಚಾರ್ಜು ನೋಡಲು ಇಟ್ಟ ಮೀಟರು ಪಿಸ್ಟನ್ನಿನ ಜಾಗವನ್ನೂ ಹೇಳಿಕೊಡುತ್ತದೆ. 1978ರಲ್ಲಿ ಬಂದ ಯಮಹಾ ಎಸ್‌ಆರ್ 500ರಲ್ಲಂತೂ ಇದಕ್ಕೆಂದೇ ಸಿಲಿಂಡರ್ ಹೆಡ್ಡಿನ ಪಕ್ಕದಲ್ಲಿ ಒಂದು ಪುಟ್ಟ ಗಾಜಿನ ಕಿಂಡಿ ಇಟ್ಟಿದ್ದರು. ಕಿಂಡಿಯಲ್ಲಿ ಗುರುತು ಕಂಡರೆ ಪಿಸ್ಟನ್ನು ಒದೆಯಲು ಸರಿಯಾದ ಜಾಗದಲ್ಲಿದೆ ಎಂದು ಲೆಕ್ಕ. ಯಂತ್ರವನ್ನು ಓಡಿಸುವವರಿಗೆ ಅದರ ಹೊಟ್ಟೆಯೊಳಗಿನದನ್ನು ತೋರಿಸಬೇಕು ಅಂತ ಆ ಎಂಜಿನಿಯರುಗಳಿಗೆ ಅನಿಸಿತ್ತಲ್ಲ, ಆ ಗೌರವ ನನಗೆ ತುಂಬ ದೊಡ್ಡದು.

ಪ್ಲಗ್ಗೂ ಹಾಗೆಯೇ ಮಾತಾಡುತ್ತದೆ. ಬಿಚ್ಚಿ ನೋಡಿದಾಗ ತುದಿ ತಿಳಿಗಂದು ಬಣ್ಣಕ್ಕಿದ್ದರೆ ಮಿಶ್ರಣ ಸರಿಯಾಗಿದೆ. ಕಪ್ಪು ಮಸಿ ಕೂತಿದ್ದರೆ ಪೆಟ್ರೋಲು ಹೆಚ್ಚು ಹೋಗುತ್ತಿದೆ. ಬೆಳ್ಳಗೆ ಸುಟ್ಟಂತಿದ್ದರೆ ಗಾಳಿ ಹೆಚ್ಚು, ಹೀಗೇ ಓಡಿಸಿದರೆ ಎಂಜಿನ್ ಸೀಜ್ ಆಗುತ್ತದೆ, ಹುಷಾರು ಅಂತ. ಪಾಯಿಂಟ್ ಯಾವ ಕ್ಷಣಕ್ಕೆ ತೆರೆಯುತ್ತದೆ ಎಂದು ತಿಳಿಯಲು ಒಂದು ಚೂರು ತೆಳು ಕಾಗದ ಸಾಕು. ಅದನ್ನು ನಡುವೆ ಸಿಕ್ಕಿಸಿ ಮೆಲ್ಲಗೆ ಎಳೆಯುತ್ತಾ ಎಂಜಿನ್ ತಿರುಗಿಸಿದರೆ, ಕಾಗದ ಬಿಟ್ಟುಕೊಟ್ಟ ಕ್ಷಣವೇ ಕಿಡಿ ಹಾರುವ ಕ್ಷಣ. ಹೊಸ ಬೈಕು ತನ್ನ ಕಷ್ಟವನ್ನು ಹೇಳಿಕೊಳ್ಳುವುದು ಒಂದು ಹಳದಿ ದೀಪದಿಂದ. ಎಂಜಿನ್ನಿನ ಚಿತ್ರ, ಅಷ್ಟೇ. ಪೆಟ್ರೋಲಿನದೋ, ಗಾಳಿಯದೋ, ಯಾವುದೋ ಸೆನ್ಸರಿನ ಕನೆಕ್ಟರಿಗೆ ನೀರು ಹೋಗಿದ್ದೋ, ದೀಪ ಹೇಳುವುದಿಲ್ಲ. ಕೇಳಲು ಬೇರೊಂದು ಯಂತ್ರ ಬೇಕು, ಆ ಯಂತ್ರದ ತಂತ್ರಾಂಶ ಕಂಪನಿಯ ಬೀಗದೊಳಗಿರುತ್ತದೆ.

ಈಗ ನನ್ನದೇ ಒಂದು ರಾತ್ರಿಯ ಕತೆ ಹೇಳಬೇಕು. ಅದನ್ನು ಬಿಟ್ಟು ಈ ವಾದ ನನ್ನಿಂದ ಆಗದು.

ನಾಲ್ಕು ಗೇರಿನ, ಒಂದೇ ಸಿಲಿಂಡರಿನ ಬೈಕು ನನ್ನದು. ಕೆಲಸ ಮುಗಿಸಿ ಹೊರಟಾಗ ಹತ್ತು ಗಂಟೆ ದಾಟಿತ್ತು, ಮನೆ ಇನ್ನೂ ಮೂವತ್ತು ಕಿಲೋಮೀಟರ್ ಇತ್ತು. ಒಂದು ತಿರುವಿನಲ್ಲಿ ಗೇರು ಇಳಿಸಲು ಕ್ಲಚ್ ಹಿಡಿದೆ. ಲಿವರು ಸತ್ತ ಹಾವಿನ ಹಾಗೆ ಹಿಡಿಗೆ ಬಂದು ಅಂಟಿಕೊಂಡಿತು. ಕೇಬಲ್ಲು ತುದಿಯ ನಿಪ್ಪಲ್ಲಿನ ಹತ್ತಿರವೇ ತುಂಡಾಗಿತ್ತು. ಎಂಜಿನ್ನು ಎರಡು ಸಲ ಜಗ್ಗಿ ಆಫ್ ಆಯಿತು. ಆಚೆ ಈಚೆ ಒಂದು ದೀಪ ಇಲ್ಲ. ಫೋನಿನಲ್ಲಿ ಸಿಗ್ನಲ್ಲೂ ಇಲ್ಲ.

ಮೊದಲ ಐದು ನಿಮಿಷ ಸುಮ್ಮನೆ ನಿಂತಿದ್ದೆ. ಆಮೇಲೆ ನಿಧಾನವಾಗಿ ಯೋಚನೆ ಬಂತು. ಕ್ಲಚ್ ಮಾಡುವುದಾದರೂ ಏನು? ಎಂಜಿನ್ನಿಗೂ ಗೇರ್‌ಬಾಕ್ಸಿಗೂ ನಡುವಿನ ನಂಟನ್ನು ಅರೆಕ್ಷಣ ಬಿಡಿಸುತ್ತದೆ. ಹಲ್ಲಿನ ಮೇಲೆ ಭಾರ ಇಲ್ಲದಿದ್ದರೆ ಗೇರು ತಾನಾಗಿ ಜಾರುತ್ತದೆ. ಭಾರ ತೆಗೆಯಲು ಕ್ಲಚ್ಚೇ ಆಗಬೇಕೆಂದಿಲ್ಲ, ಆಕ್ಸಿಲರೇಟರ್ ಬಿಟ್ಟರೂ ಆಯಿತು. ನ್ಯೂಟ್ರಲ್ಲಿನಲ್ಲಿ ಕಿಕ್ ಹೊಡೆದು ಎಂಜಿನ್ ಶುರು ಮಾಡಿದೆ. ಬೈಕನ್ನು ತಳ್ಳುತ್ತಾ ಓಡಿದೆ. ವೇಗ ಬಂದ ಮೇಲೆ ಹಾರಿ ಕೂತು ಕಾಲಿನಿಂದ ಮೊದಲ ಗೇರಿಗೆ ತಟ್ಟಿದೆ. ಬೈಕು ಕುದುರೆಯಂತೆ ಮುಂದಕ್ಕೆ ಎಗರಿತು, ಆದರೆ ಆಫ್ ಆಗಲಿಲ್ಲ. ಎರಡನೇ ಗೇರಿಗೆ ಕಾಲಿನಲ್ಲಿ ಮೊದಲೇ ಒತ್ತಡ ಕೊಟ್ಟುಕೊಂಡು ಆಕ್ಸಿಲರೇಟರನ್ನು ಒಂದು ಉಸಿರಿನಷ್ಟು ಬಿಟ್ಟೆ. ಟಕ್. ಬೆಣ್ಣೆಯಲ್ಲಿ ಕೂದಲು ಎಳೆದ ಹಾಗೆ ಕೂತಿತು. ಮೂರಕ್ಕೂ ಹಾಗೆಯೇ. ಗೇರು ಇಳಿಸುವಾಗ ಉಲ್ಟಾ ಲೆಕ್ಕ, ಚೂರು ರೇಸ್ ಕೊಟ್ಟು ಎಂಜಿನ್ನಿನ ವೇಗವನ್ನು ಚಕ್ರದ ವೇಗಕ್ಕೆ ಹೊಂದಿಸಬೇಕು. ಮೊದಲೆರಡು ಸಲ ಕರಕರ ಎಂದಿತು. ಮೂರನೆಯ ಸಲ ಸದ್ದಿಲ್ಲ. ನಿಲ್ಲಬೇಕಾದ ಕಡೆ ದೂರದಿಂದಲೇ ನ್ಯೂಟ್ರಲ್ಲಿಗೆ ತಂದುಕೊಳ್ಳುತ್ತಿದ್ದೆ. ಎರಡು ಕಡೆ ಮತ್ತೆ ಇಳಿದು, ತಳ್ಳಿ, ಓಡಿ ಹತ್ತಿದೆ. ಹನ್ನೊಂದೂವರೆಗೆ ಮನೆ ಮುಂದಿದ್ದೆ.

ಅಂಗಿ ಬೆವರಿನಲ್ಲಿ ತೊಯ್ದಿತ್ತು. ಮನೆಯವರು ಏನಾಯಿತೆಂದು ಕೇಳಿದರೆ ವಿವರಿಸಲೂ ಆಗದಷ್ಟು ಖುಷಿಯಾಗಿತ್ತು ನನಗೆ. ಅಲ್ಲಿಯವರೆಗೆ ಹದಿನಾಲ್ಕು ವರ್ಷ ಬೈಕು ಓಡಿಸಿದ್ದೆ. ಗೇರ್‌ಬಾಕ್ಸ್ ಅಂದರೇನೆಂದು ನನ್ನ ಕಾಲಿಗೆ ತಿಳಿದದ್ದು ಆ ರಾತ್ರಿ. ಮರುದಿನ ಹೊಸ ಒಳತಂತಿ ಪೋಣಿಸಿ, ತುದಿಯ ಎಳೆಗಳನ್ನು ಹರವಿ, ನಿಪ್ಪಲ್ಲಿಗೆ ಬೆಸುಗೆ ಹಾಕಿ, ಲಿವರಿನಲ್ಲಿ ಎರಡು-ಮೂರು ಮಿಲಿಮೀಟರ್ ಆಟ ಬಿಟ್ಟು ಬಿಗಿ ಮಾಡಿದೆ. ಒಂದು ಗಂಟೆಯ ಕೆಲಸ. ಹೊಸ ಬೈಕಿನಲ್ಲಿ ಇಂಥದ್ದು ಆಗುವುದೇ ಇಲ್ಲ ಅನ್ನುವವರಿಗೆ ಒಂದೇ ಮಾತು: ತೂರಿಸಿ ತಿರುಗಿಸಬೇಕಿಲ್ಲದ ರಿಮೋಟ್ ಕೀಲಿಯ ಬ್ಯಾಟರಿ ಸತ್ತಾಗ ಬೈಕಿನ ಮುಂದೆ ನಿಂತು ಏನು ಕಲಿಯುತ್ತೀರಿ?

ಇನ್ನು ಆಯಸ್ಸಿನ ವಿಷಯ. ನನ್ನ ಬೈಕಿನಲ್ಲಿ ಸವೆಯುವ ವಸ್ತುಗಳೆಲ್ಲ ಮನುಷ್ಯರ ಕೈ ಮಾಡಬಲ್ಲ ವಸ್ತುಗಳು. ಗ್ಯಾಸ್ಕೆಟ್ಟನ್ನು ಹಾಳೆಯಿಂದ ಕತ್ತರಿಸಬಹುದು. ಬುಷ್ಷನ್ನು ಲೇತಿನಲ್ಲಿ ಕಡೆಯಬಹುದು. ಬ್ರೇಕ್ ಶೂಗೆ ಹೊಸ ಲೈನಿಂಗ್ ಅಂಟಿಸಬಹುದು. ಒಳಗೋಡೆ ಸವೆದ ಸಿಲಿಂಡರನ್ನು ಕೊರೆದು ಒಂದು ಸೈಜು ದೊಡ್ಡ ಪಿಸ್ಟನ್ ಹಾಕಬಹುದು. ಕಂಪನಿ ಮುಚ್ಚಿ ಅರ್ಧ ಶತಮಾನ ಕಳೆದ ಬೈಕುಗಳೂ ಇವತ್ತು ರಸ್ತೆಯಲ್ಲಿ ಓಡುತ್ತಿರುವುದು ಈ ಕಾರಣಕ್ಕೆ. ಇಪ್ಪತ್ತೈದು ವರ್ಷವಾದ ಮೇಲೆ ಇವತ್ತಿನ ಬಣ್ಣದ ಪರದೆ ಕೆಟ್ಟರೆ ಅದನ್ನು ಯಾವ ಲೇತಿನಲ್ಲಿ ಕಡೆಯುವುದು? ಕಂಟ್ರೋಲ್ ಯೂನಿಟ್ಟಿನ ಚಿಪ್ಪು ತಯಾರಾಗುವುದು ನಿಂತರೆ ಎಂಜಿನ್ನು ಹೊಸದರ ಹಾಗಿದ್ದರೂ ಬೈಕು ಗುಜರಿಗೆ. ಕೈಗೆ ಸಿಗದ ಕಾರಣದಿಂದ ಕೆಟ್ಟದ್ದನ್ನು ಕೈ ಸರಿ ಮಾಡಲಾರದು.

ಸರಳತೆ ಅಂದರೆ ಹಿಂದುಳಿದಿರುವುದು ಅಂತ ತಿಳಿದವರೂ ಇದ್ದಾರೆ. ಹೋಂಡಾ ಸೂಪರ್ ಕಬ್ 1958ರಲ್ಲಿ ಬಂತು. 2017ಕ್ಕೆ ಅದರ ತಯಾರಿಕೆ ಹತ್ತು ಕೋಟಿ ಮುಟ್ಟಿತು. ಜಗತ್ತಿನಲ್ಲಿ ಇನ್ಯಾವ ಮೋಟಾರು ವಾಹನವೂ ಇಷ್ಟು ಸಂಖ್ಯೆಯಲ್ಲಿ ತಯಾರಾಗಿಲ್ಲ. ಅದು ಗೆದ್ದದ್ದು ಯಾವ ಪರದೆಯಿಂದಲೂ ಅಲ್ಲ, ಒಂದು ಪುಟ್ಟ ಎಂಜಿನ್ನು, ಸುಲಭದ ಗೇರು ಮತ್ತು ಸುಲಭದ ರಿಪೇರಿಯಿಂದ. ಹಳೆಯ ಜಾವಾ ಬೈಕುಗಳಲ್ಲಿ ಕಿಕ್ಕರು, ಗೇರ್ ಲಿವರು ಎರಡೂ ಒಂದೇ ಸರಳು. ಮಡಚಿದರೆ ಗೇರು, ಎತ್ತಿದರೆ ಕಿಕ್ಕು. ಒಂದು ಬಿಡಿಭಾಗ ಕಡಿಮೆ ಮಾಡಲು ಎಷ್ಟು ಬುದ್ಧಿ ಖರ್ಚಾಗಿದೆ ನೋಡಿ. ಒಂದು ಸೆನ್ಸರ್ ಹೆಚ್ಚು ಹಾಕಲು ಅಷ್ಟು ಬೇಕಿಲ್ಲ.

ಎದುರು ಪಕ್ಷದವರು ಎಬಿಎಸ್ ಅನ್ನುತ್ತಾರೆ, ಬ್ರೇಕ್ ಹಿಡಿದಾಗ ಚಕ್ರ ಕಚ್ಚಿ ನಿಲ್ಲದಂತೆ ನೋಡಿಕೊಳ್ಳುವ ವ್ಯವಸ್ಥೆ, ಗೊತ್ತು. ಬ್ರೇಕು ಹಿಡಿಯುವುದನ್ನು ಕಲಿಯದವರನ್ನು ಕಂಪ್ಯೂಟರು ಕಾಯಲಿ ಅನ್ನುವ ವಾದ ಅದು. ಎರಡು ಬೆರಳಿನಲ್ಲಿ ಮೆಲ್ಲಗೆ ಹಿಂಡುತ್ತಾ ಹೋಗುವುದನ್ನು ಕಲಿತ ಕೈ ಇದೆಯಲ್ಲ, ಅದಕ್ಕಿಂತ ಒಳ್ಳೆಯ ಸೆನ್ಸರ್ ಇನ್ನೂ ಬಂದಿಲ್ಲ. ಎಲ್ಲವನ್ನೂ ಕಂಪ್ಯೂಟರು ನೋಡಿಕೊಳ್ಳುತ್ತದೆ ಅಂದುಕೊಂಡವರು ರಸ್ತೆಯನ್ನೇ ನೋಡುವುದಿಲ್ಲ.

ಹತ್ತು ವರ್ಷದ ಹುಡುಗಿಗೂ ತೋರಿಸಬಹುದು ಅಂದೆನಲ್ಲ, ಆ ಹುಡುಗಿ ನನ್ನ ಮಗಳು. ಕಳೆದ ತಿಂಗಳು ಬೈಕು ಸ್ಟಾರ್ಟ್ ಆಗದೆ ಹಟ ಹಿಡಿದಿತ್ತು. ಪ್ಲಗ್ ಬಿಚ್ಚಿ, ಒರೆಸಿ, ಮತ್ತೆ ಕ್ಯಾಪಿಗೆ ಸಿಕ್ಕಿಸಿ, ಸಿಲಿಂಡರಿನ ರೆಕ್ಕೆಗಳ ಮೇಲೆ ಮಲಗಿಸಿದೆ. 'ಇಲ್ಲೇ ನೋಡ್ತಿರು' ಅಂದು ಕಿಕ್ಕರನ್ನು ಕೈಯಲ್ಲೇ ಒತ್ತಿದೆ. ಚಿಟ್ ಎಂದು ನೀಲಿ ಕಿಡಿ ಹಾರಿತು. ಅವಳು ಬೆಚ್ಚಿ ಹಿಂದೆ ಸರಿದಳು. ಆಮೇಲೆ ಹತ್ತಿರ ಬಂದು, ಮಂಡಿಯೂರಿ ಕೂತು, 'ಇನ್ನೊಂದ್ಸಲ' ಅಂದಳು.


ವಿರೋಧ: ಬ್ರೇಕಿನ ಮಾತು ಎತ್ತಲೇಬೇಕು

ಈ ಪಕ್ಷ ಹಿಡಿದು ಬರೆಯಿರಿ ಎಂದು ಕೇಳಿದಾಗ ಎರಡು ದಿನ ಹಿಂದುಮುಂದು ನೋಡಿದೆ. ನನ್ನ ಬಳಿ ಇರುವುದೂ ಹಳೆಯ ಬೈಕೇ. ಕಾರ್ಬೊರೇಟರು, ಕಿಕ್ಕು, ಎರಡೂ ಚಕ್ರಕ್ಕೆ ಡ್ರಮ್ ಬ್ರೇಕು. ಅದನ್ನು ಮಾರುವ ಯೋಚನೆ ಸದ್ಯಕ್ಕಿಲ್ಲ. ಆದರೂ ಹಳೆಯದರ ಪರವಾಗಿ ಬರೆಯುವವರು ಹೇಳದೆ ಬಿಡುವ ಸಂಗತಿಗಳಿವೆ. ಅವನ್ನು ಯಾರಾದರೂ ಹೇಳಬೇಕು ಅನಿಸಿ ಒಪ್ಪಿಕೊಂಡೆ.

ಮೊದಲನೆಯದು, ಈ 'ಸರಳ' ಅನ್ನುವ ಗೆರೆ ಎಲ್ಲಿ ಎಳೆಯುತ್ತೀರಿ ಅನ್ನುವುದು. ಮೋಟಾರ್‌ಸೈಕಲ್ಲಿನ ಮೊದಲ ದಶಕಗಳಲ್ಲಿ ಇಗ್ನಿಷನ್ ಟೈಮಿಂಗನ್ನು, ಅಂದರೆ ಕಿಡಿ ಹಾರುವ ಕ್ಷಣವನ್ನು, ಹ್ಯಾಂಡಲಿನ ಮೇಲಿನ ಲಿವರಿನಿಂದ ಓಡಿಸುವವರೇ ಹಿಂದೆಮುಂದೆ ಮಾಡುತ್ತಿದ್ದರು. ಎಂಜಿನ್ನಿಗೆ ಆಯಿಲ್ಲನ್ನು ಕೈಪಂಪಿನಿಂದ ಒತ್ತುತ್ತಿದ್ದರು. ಆಮೇಲೆ ಆ ಟೈಮಿಂಗನ್ನು ತಿರುಗುವ ತೂಕ ಮತ್ತು ಸ್ಪ್ರಿಂಗುಗಳು ತಾವೇ ನೋಡಿಕೊಳ್ಳತೊಡಗಿದವು. ಟೂ-ಸ್ಟ್ರೋಕ್ ಬೈಕಿನ ಪೆಟ್ರೋಲಿಗೆ ಆಯಿಲ್ ಅಳೆದು ಬೆರೆಸುವ ಕೆಲಸವನ್ನು 1964ರಲ್ಲಿ ಯಮಹಾದ ಆಟೋಲ್ಯೂಬ್ ಪಂಪು ವಹಿಸಿಕೊಂಡಿತು. 1969ರ ಹೋಂಡಾ ಸಿಬಿ750 ನಾಲ್ಕು ಸಿಲಿಂಡರು, ಮುಂದಿನ ಡಿಸ್ಕ್ ಬ್ರೇಕು, ಬಟನ್ ಸ್ಟಾರ್ಟು ಮೂರನ್ನೂ ತಂದಿತು. ಇವತ್ತು ಅದನ್ನೇ 'ಹಳೆಯ ಕಾಲದ ಶುದ್ಧ ಬೈಕು' ಅಂತ ಮುದ್ದಿಸುತ್ತಾರೆ. ಒಂದೊಂದು ತಲೆಮಾರೂ ತಾನು ಕಲಿತ ಬೈಕಿನ ಹತ್ತಿರ ಗೆರೆ ಎಳೆದು, ಅದರ ಹಿಂದಿನದು ಕಷ್ಟ, ಮುಂದಿನದು ಅತಿ ಅನ್ನುತ್ತದೆ. ಇದನ್ನು ತತ್ವ ಅಂತ ನಾನು ಕರೆಯಲಾರೆ.

ಎರಡನೆಯದು ಹೊಗೆ. ಹಳೆಯ ಟೂ-ಸ್ಟ್ರೋಕ್ ಎಂಜಿನ್ನಿನಲ್ಲಿ ಸುಟ್ಟ ಹೊಗೆ ಹೊರಹೋಗುವ ಕಿಂಡಿಯೂ ಹೊಸ ಮಿಶ್ರಣ ಒಳಬರುವ ಕಿಂಡಿಯೂ ಒಂದಷ್ಟು ಹೊತ್ತು ಒಟ್ಟಿಗೇ ತೆರೆದಿರುತ್ತವೆ. ಹಾಗಾಗಿ ಪೆಟ್ರೋಲಿನ ಒಂದು ಪಾಲು ಸುಡದೆಯೇ ಸೈಲೆನ್ಸರಿನಿಂದ ಹೊರಹೋಗುತ್ತದೆ. ಆ ವಾಸನೆ ನಮಗೆ ಹಿತವೆನ್ನಿಸಬಹುದು, ಹಿಂದೆ ಬರುವವರು ಅದನ್ನು ಉಸಿರಾಡಬೇಕು. ಹೊಗೆಯನ್ನು ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಸರಿಯಾಗಿ ಕೆಲಸ ಮಾಡಬೇಕಾದರೆ ಒಂದು ಪಾಲು ಪೆಟ್ರೋಲಿಗೆ ತೂಕದಲ್ಲಿ 14.7 ಪಾಲು ಗಾಳಿ ಎನ್ನುವ ಲೆಕ್ಕವನ್ನು ಬಿಗಿಯಾಗಿ ಹಿಡಿದಿರಬೇಕು. ಆಕ್ಸಿಜನ್ ಸೆನ್ಸರಿನ ಮಾತು ಕೇಳುತ್ತಾ ಕ್ಷಣಕ್ಷಣಕ್ಕೂ ತಿದ್ದಿಕೊಳ್ಳುವ ಫ್ಯೂಯಲ್ ಇಂಜೆಕ್ಷನ್ನಿಗೆ ಅದು ಸಾಧ್ಯ. ಜೆಟ್ಟಿನ ತೂತಿಗೆ ಸಾಧ್ಯವಿಲ್ಲ. ಬೆಟ್ಟ ಹತ್ತಿದರೂ ಅಷ್ಟೇ. 3000 ಮೀಟರ್ ಎತ್ತರದಲ್ಲಿ ಗಾಳಿಯ ಒತ್ತಡ ಸಮುದ್ರಮಟ್ಟದ್ದಕ್ಕಿಂತ ಸುಮಾರು ಶೇ 30ರಷ್ಟು ಕಡಿಮೆ. ಇಂಜೆಕ್ಷನ್ ಅದನ್ನು ಅಳೆದು ಪೆಟ್ರೋಲು ಕಡಿಮೆ ಮಾಡುತ್ತದೆ. ಕಾರ್ಬೊರೇಟರು ಅಷ್ಟಾಗಿ ತಿದ್ದಿಕೊಳ್ಳಲಾರದು, ಎಂಜಿನ್ನು ಕಟ್ಟಿಕೊಂಡು ಏದುಸಿರು ಬಿಡುತ್ತದೆ.

ರಿಪೇರಿಯ ವಿಷಯವನ್ನು ತುಂಬ ದೊಡ್ಡದು ಮಾಡುತ್ತಾರೆ. ಎಲ್ಲರಿಗೂ ಸ್ಪ್ಯಾನರ್ ಹಿಡಿಯುವ ಆಸೆ ಇರುವುದಿಲ್ಲ. ಬೆಳಗ್ಗೆ ಬಟನ್ ಒತ್ತಿ, ಕೆಲಸಕ್ಕೆ ಹೋಗಿ, ಸಂಜೆ ಬರಬೇಕಾದವರಿಗೆ ಬೈಕು ಕೆಡದಿದ್ದರೆ ಸಾಕು.

ಇಷ್ಟು ಹೇಳಿ ಮುಗಿಸಬಹುದಿತ್ತು. ಆದರೆ ಬ್ರೇಕಿನ ಮಾತು ಎತ್ತದಿದ್ದರೆ ನನಗೆ ನಾನೇ ಮೋಸ ಮಾಡಿಕೊಂಡಂತೆ.

ಒಂಬತ್ತು ವರ್ಷದ ಹಿಂದೆ, ಮಳೆ ನಿಂತು ಅರ್ಧ ಗಂಟೆಯಾಗಿತ್ತು. ನಾನು ನನ್ನ ಹಳೆಯ ಬೈಕಿನಲ್ಲಿದ್ದೆ, ಹಿಂದೆ ನನ್ನ ತಂಗಿ ಕೂತಿದ್ದಳು. ನಮ್ಮ ಪಕ್ಕದಲ್ಲೇ ಗೆಳೆಯನೊಬ್ಬ ಎಬಿಎಸ್ ಇದ್ದ ಬೈಕಿನಲ್ಲಿ ಬರುತ್ತಿದ್ದ. ವೇಗ ಇಬ್ಬರದೂ ಹೆಚ್ಚೇನಿರಲಿಲ್ಲ, ಅರವತ್ತರ ಆಸುಪಾಸು. ಮುಂದಿದ್ದ ವ್ಯಾನು ಸೂಚನೆ ಕೊಡದೆ ನಿಂತುಬಿಟ್ಟಿತು. ಇಬ್ಬರೂ ಒಟ್ಟಿಗೇ ಬ್ರೇಕ್ ಹಿಡಿದೆವು.

ಡ್ರಮ್ಮಿನೊಳಗೆ ನೀರು ಹೋಗಿದ್ದರೆ ಏನಾಗುತ್ತದೆ ಅನ್ನುವುದು ನನಗೆ ಓದಿ ಗೊತ್ತಿತ್ತು. ಮೊದಲು ಹಿಡಿಯುವುದೇ ಇಲ್ಲ. ಡ್ರಮ್ಮಿನ ಒಳಗೋಡೆಗೆ ಒತ್ತಬೇಕಾದ ಶೂ ಬರೀ ನೀರಿನ ಮೇಲೆ ಜಾರುತ್ತದೆ. ಗಾಬರಿಯಾಗಿ ಇನ್ನಷ್ಟು ಹಿಂಡುತ್ತೀರಿ. ಅಷ್ಟರಲ್ಲಿ ನೀರು ಒರೆಸಿಹೋಗಿ ಶೂ ಗಪ್ಪನೆ ಕಚ್ಚುತ್ತದೆ. ನನಗೆ ಆದದ್ದು ಅದೇ. ಮುಂದಿನ ಚಕ್ರ ನಿಂತುಹೋಯಿತು, ಬೈಕು ನಿಲ್ಲಲಿಲ್ಲ. ತಿರುಗದ ಚಕ್ರಕ್ಕೆ ದಿಕ್ಕು ಇರುವುದಿಲ್ಲ, ಹ್ಯಾಂಡಲು ಹೇಳಿದ್ದನ್ನು ಅದು ಕೇಳುವುದಿಲ್ಲ. ಎಡಕ್ಕೆ ಮಗುಚಿ ವ್ಯಾನಿನ ಹಿಂದಿನವರೆಗೂ ಉಜ್ಜಿಕೊಂಡು ಹೋದೆವು. ನನ್ನ ಕಾಲರ್ ಮೂಳೆ ಮುರಿಯಿತು. ತಂಗಿಯ ಬಲ ಮಣಿಕಟ್ಟು ಎರಡು ಕಡೆ ಮುರಿಯಿತು. ಅವಳು ಬಲಗೈಯವಳು, ಆಗ ಡ್ರಾಯಿಂಗ್ ಓದುತ್ತಿದ್ದಳು. ಗೆಳೆಯ ವ್ಯಾನಿನ ಪಕ್ಕ ನೆಟ್ಟಗೆ ನಿಂತು, ಸ್ಟ್ಯಾಂಡ್ ಹಾಕಿ, ನಮ್ಮ ಕಡೆ ಓಡಿಬಂದ.

ನನಗೆ ಆಗ ಬೈಕು ಓಡಿಸಿ ಹನ್ನೊಂದು ವರ್ಷವಾಗಿತ್ತು. ಮೆಲ್ಲಗೆ ಹಿಂಡಬೇಕು ಅನ್ನುವುದು ಗೊತ್ತಿತ್ತು, ಖಾಲಿ ರಸ್ತೆಯಲ್ಲಿ ಅಭ್ಯಾಸವನ್ನೂ ಮಾಡಿದ್ದೆ. ಹೆದರಿದ ಕೈಗೆ ಅಭ್ಯಾಸ ನೆನಪಿಗೆ ಬರಲಿಲ್ಲ.

ಆಸ್ಪತ್ರೆಯಿಂದ ಬಂದ ಮೇಲೆ, ಒಂದೇ ಕೈಯಲ್ಲಿ, ಒಂದು ಲೆಕ್ಕ ಹಾಕಿದೆ. ಗಂಟೆಗೆ 60 ಕಿ.ಮೀ. ಅಂದರೆ ಸೆಕೆಂಡಿಗೆ 16.7 ಮೀಟರ್. ಗುರುತ್ವದ ಶೇ 80ರಷ್ಟು ಬಲದಿಂದ ವೇಗ ಇಳಿಸುವ ಬೈಕು ಬ್ರೇಕ್ ಕಚ್ಚಿದ ಮೇಲೆ ಸುಮಾರು 18 ಮೀಟರಿಗೆ ನಿಲ್ಲುತ್ತದೆ. ಅದರ ಅರ್ಧ ಬಲವಿರುವ ಬೈಕಿಗೆ 35 ಮೀಟರ್ ಬೇಕು. ಮೊದಲನೆಯದು ನಿಂತ ಜಾಗವನ್ನು ಎರಡನೆಯದು ದಾಟುವಾಗ ಅದರ ವೇಗ ಇನ್ನೂ 42 ಕಿ.ಮೀ. ಇರುತ್ತದೆ. ಮೂವತ್ತರ ಆಸುಪಾಸು ಇರಬೇಕು ಅಂದುಕೊಂಡಿದ್ದೆ. ನಂಬಿಕೆ ಬರದೆ ಮೂರು ಸಲ ಮಾಡಿ ನೋಡಿದೆ, 42ರಲ್ಲಿ ಬದಲಾವಣೆ ಇಲ್ಲ.

ಎಬಿಎಸ್ ಮಾಡುವ ಕೆಲಸದಲ್ಲಿ ಯಾವ ಮಾಯವೂ ಇಲ್ಲ. ಚಕ್ರದ ಜತೆ ತಿರುಗುವ ಹಲ್ಲಿನ ಬಳೆಯೊಂದರ ಹಲ್ಲುಗಳನ್ನು ಸೆನ್ಸರ್ ಎಣಿಸುತ್ತಿರುತ್ತದೆ. ಚಕ್ರ ಇದ್ದಕ್ಕಿದ್ದಂತೆ ನಿಲ್ಲುವ ಸೂಚನೆ ಕಂಡರೆ ಬ್ರೇಕಿನ ಒತ್ತಡವನ್ನು ಚೂರು ಬಿಟ್ಟು ಮತ್ತೆ ಕೊಡುತ್ತದೆ, ಒಂದು ಸೆಕೆಂಡಿನಲ್ಲಿ ಹಲವು ಸಲ. ನನ್ನ ಬೆರಳು ಒಂದು ಸಲ ಬಿಡುವಷ್ಟರಲ್ಲಿ ಅದು ತನ್ನ ಕೆಲಸ ಮುಗಿಸಿರುತ್ತದೆ. ಬೈಕುಗಳಿಗೆ ಇದು ಮೊದಲು ಬಂದದ್ದು 1988ರಲ್ಲಿ, ಬಿಎಂಡಬ್ಲ್ಯು ಕೆ100ರಲ್ಲಿ. ಐರೋಪ್ಯ ಒಕ್ಕೂಟದಲ್ಲಿ 2016ರಿಂದ 125 ಸಿಸಿ ಮೀರಿದ ಹೊಸ ಮಾದರಿಗಳಿಗೆ ಕಡ್ಡಾಯವಾಯಿತು. ಅಂದರೆ ನಾನು ಬಿದ್ದ ಹೊತ್ತಿಗೆ ಇದು ಹೊಸ ವಿದ್ಯೆಯೇನಾಗಿರಲಿಲ್ಲ. ನಾನು ಬೇಡವೆಂದಿದ್ದೆ, ಅಷ್ಟೆ.

ಯಂತ್ರದ ಜತೆ ನೇರ ನಂಟು, ರಸ್ತೆಯ ಅನುಭವ, ಕೈಗೆ ಸಿಗುವ ಕಾರಣ, ಇವೆಲ್ಲ ನಿಜವೇ. ನನಗೂ ಅವುಗಳ ರುಚಿ ಗೊತ್ತು. ಆದರೆ ಆ ಅನುಭವವೆಲ್ಲ ಮುಂದೆ ಕೂತಿದ್ದ ನನ್ನದು. ಹಿಂದೆ ಕೂತವಳಿಗೆ ಆ ಬೈಕಿನ ಬ್ರೇಕು ಎಂಥದ್ದೆಂದು ನಾನು ಹೇಳಿರಲಿಲ್ಲ, ಅವಳೂ ಕೇಳಿರಲಿಲ್ಲ. ಅಣ್ಣ ಓಡಿಸುತ್ತಿದ್ದಾನೆ ಅಂತ ಕೂತಿದ್ದಳು. ಮೂರು ತಿಂಗಳು ಅವಳು ಪೆನ್ಸಿಲ್ ಹಿಡಿಯಲಿಲ್ಲ. ಆಮೇಲೂ ಬಹಳ ದಿನ ಗೆರೆ ನಡುಗುತ್ತಿತ್ತು. ಒಂದು ದಿನವೂ ನನ್ನನ್ನು ದೂರಲಿಲ್ಲ.

ಆ ಬೈಕು ಈಗಲೂ ನನ್ನ ಬಳಿ ಇದೆ ಅಂದೆ. ಒಣ ರಸ್ತೆಯಲ್ಲಿ, ಬೆಳಗಿನ ಹೊತ್ತು, ಒಬ್ಬನೇ ಓಡಿಸುತ್ತೇನೆ. ಹಿಂದಿನ ಫುಟ್‌ರೆಸ್ಟುಗಳನ್ನು ಬಿಚ್ಚಿ ತೆಗೆದಿದ್ದೇನೆ. ತಂಗಿ ನಾಲ್ಕು ವರ್ಷದ ಹಿಂದೆ ತಾನೇ ಒಂದು ಬೈಕು ಕೊಂಡಳು. ಕೀಲಿ ತಿರುಗಿಸಿದರೆ ಮೀಟರಿನಲ್ಲಿ ಎಬಿಎಸ್ ದೀಪ ಹತ್ತಿಕೊಳ್ಳುತ್ತದೆ. ಹೊರಟು ಸ್ವಲ್ಪ ವೇಗ ಬಂದ ಮೇಲೆ, ಎಲ್ಲ ಸರಿಯಿದೆ ಎಂದು ಖಾತ್ರಿಯಾದರೆ, ಆರಿಹೋಗುತ್ತದೆ. ಮೊದಲ ದಿನ ನನ್ನನ್ನು ಹಿಂದೆ ಕೂರಿಸಿಕೊಂಡು ಹೊರಟಾಗ ನಾನು ಅವಳ ಹೆಗಲ ಮೇಲಿಂದ ಬಗ್ಗಿ ಆ ದೀಪವನ್ನೇ ನೋಡುತ್ತಿದ್ದೆ. 'ಸುಮ್ನೆ ಕೂತ್ಕೋ ಅಣ್ಣಾ, ಬ್ಯಾಲೆನ್ಸ್ ಹೋಗತ್ತೆ' ಅಂದಳು.